ತಣ್ಣಗಿದ್ದ ಆಕ್ಸಲ್

ಸ್ಪೇರ್ ಪಾರ್ಟ್ಸ್ ಅಂಗಡಿಯ ಸಾಲಿನಲ್ಲಿ ಸ್ಕೂಟರಿನ ಸುಟ್ಟ ಬಲ್ಬು ಹಿಡಿದು ನಿಂತಿದ್ದ ದರ್ಜಿಯ ಕಿವಿ, ಮುಂದಿದ್ದ ಅಣ್ಣ-ತಂಗಿಯ ಮಾತಿಗೆ ನೆಟ್ಟಗಾಯಿತು. ತಂಗಿ ರೇಸ್ ಕಾರು ಓಡಿಸುವವಳು. ಅದರ ಹಿಂದಿನ ಆಕ್ಸಲ್ಲನ್ನು ಗಟ್ಟಿಮುಟ್ಟಾಗಿ ಹೊಸದಾಗಿ ಕಟ್ಟಿದವನು ಅಣ್ಣ. ಅವನ ಕೈಯಲ್ಲಿ ಖಾಲಿ ಆಯಿಲ್ ಡಬ್ಬವಿತ್ತು.

"ಆಯಿಲ್ ತುಂಬಿದ್ರೆ ಮುಗೀತು. ನಾಳೆ ಧೈರ್ಯವಾಗಿ ಓಡಿಸು."

"ನಿನ್ನೆ ನೀನು ವೆಲ್ಡಿಂಗ್ ಮುಗಿಸಿದಾಗ ನಾನು ಊಟಕ್ಕೆ ಹೋದೆ. ಬರೋದ್ರೊಳಗೆ ಆಕ್ಸಲ್ ತಣ್ಣಗಾಗಿತ್ತು."

"ಗಾಳಿ ಇತ್ತಲ್ಲ."

"ಗಾಳಿಗೆ ನೆಲ ಒದ್ದೆ ಆಗುತ್ತಾ, ಅಣ್ಣ?"

ಅಣ್ಣ ಡಬ್ಬದ ಮುಚ್ಚಳ ತಿರುಗಿಸುತ್ತ ನಿಂತ.

"ಬಿಸಿ ವೆಲ್ಡಿಂಗ್‌ಗೆ ನೀರು ಹಾಕಿದ್ರೆ ಒಳಗೊಳಗೇ ಬಿರುಕು ಬಿಡುತ್ತೆ ಅಂತ ನನಗೆ ಹೇಳಿಕೊಟ್ಟವನು ನೀನೇ."

"ಹೊತ್ತಾಗಿತ್ತು ಕಣೆ. ಸ್ವಲ್ಪಾನೇ ಹಾಕಿದ್ದು. ಏನೂ ಆಗಲ್ಲ."

"ಸರಿ, ಹಾಗಾದ್ರೆ ನಾಳೆ ಪಕ್ಕದ ಸೀಟಲ್ಲಿ ನೀನೂ ಕೂತ್ಕೊ."

"ನಾನ್ಯಾಕೆ?"

"ಏನೂ ಆಗಲ್ವಲ್ಲ."

ಸಾಲು ಮುಂದೆ ಸರಿಯಿತು. ಅಂಗಡಿಯವನು ಡಬ್ಬಕ್ಕೆ ಕೈ ಚಾಚಿ, "ಎಷ್ಟು ಲೀಟರ್?" ಎಂದ.

ಅಣ್ಣ ಡಬ್ಬವನ್ನು ಬೆನ್ನ ಹಿಂದಕ್ಕೆ ಸರಿಸಿದ. "ಆಯಿಲ್ ಬೇಡ. ಕಟಿಂಗ್ ವೀಲ್ ಕೊಡಿ. ಹಾಕಿದ ವೆಲ್ಡಿಂಗ್ ಪೂರ್ತಿ ಕೊಯ್ದು ತೆಗೀಬೇಕು."

"ಎರಡು ಕೊಡಿ," ಎಂದಳು ತಂಗಿ. "ಒಂದು ಕಡೆ ನಾನು ಕೊಯ್ತೀನಿ."

ಖಾಲಿ ಡಬ್ಬ ಹೊತ್ತುಕೊಂಡೇ ಇಬ್ಬರೂ ಸರಸರನೆ ಹೊರಟುಹೋದರು.