ಚಾರ್ಟಿನಲ್ಲಿ ಇಲ್ಲದ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೇಸ್ತ್ರಿಯವರ ಹೆಂಡತಿ ಬನಶಂಕರಮ್ಮನವರಿಗೆ, ಅವರ ಮನೆಯವರಿಗೆ, ಮಾಲೀಕರಾದ ನಂದಕುಮಾರ್ ಸರ್ ಅವರಿಗೆ, ಈ ಶೆಡ್ಡಿನಲ್ಲಿ ನೇಯುವ, ನೂಲು ಸುತ್ತುವ ನನ್ನ ಎಲ್ಲ — ಸಹೋದ್ಯೋಗಿಗಳು ಅನ್ನಬಹುದಾ? ಆರು ವಾರ ನಿಮ್ಮ ಜೊತೆ ಇದ್ದೆ. ಅಂತೀನಿ. ಬೇಜಾರಾದ್ರೆ ಆಮೇಲೆ ಬೈರಿ.

ನಾನು ಮೇಘನ. ಬಿಬಿಎ ಮೊದಲನೇ ವರ್ಷ. ಐದನೇ ಕ್ಲಾಸಿಂದ ಹಾಸ್ಟೆಲ್ಲಲ್ಲೇ ಬೆಳೆದವಳು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಬರುತ್ತೆ, ಕ್ಷಮಿಸಿ. ಹೇಳೋದು ಮರೆತುಹೋಗುತ್ತೆ, ಅದಕ್ಕೇ ಈ ಚೀಟಿ.

ಒಳಗೆ ಬರುವಾಗ ಯಾರೋ ಅಂದ್ರು, "ಬಂದ್ಲು ನೋಡು ಚಾರ್ಟಮ್ಮ." ಕೇಳಿಸ್ತು. ತಪ್ಪೇನಿಲ್ಲ. ಆಫೀಸ್ ಗೋಡೆ ಮೇಲಿದ್ದ ಆ ಚಾರ್ಟ್ ಬರೆದವಳು ನಾನೇ. ನೂಲು ಬರೋದರಿಂದ ಹಿಡಿದು ಸೀರೆ ಮಡಚೋವರೆಗೆ ಯಾವ ಕೆಲಸ ಆದಮೇಲೆ ಯಾವುದು, ಎಷ್ಟು ನಿಮಿಷ, ಎಲ್ಲಿ ಟೈಮ್ ವೇಸ್ಟ್ — ಪೂರ್ತಿ ಡಬ್ಬಿ ಡಬ್ಬಿ, ಬಾಣ ಬಾಣ. ಅದು ನನ್ನ ಪ್ರಾಜೆಕ್ಟ್. ಅದಕ್ಕೆ ಕಾಲೇಜಲ್ಲಿ ನೂರಕ್ಕೆ ತೊಂಬತ್ತೆರಡು ಬಂತು.

ಕೋದಂಡರಾಮಯ್ಯನವರು ಈ ಶೆಡ್ಡಿನ ಮೇಸ್ತ್ರಿ. ಹದಿನಾರು ಮಗ್ಗದ ರಿಪೇರಿ ಅವರದ್ದು. ಹಾರ್ಟ್ ಅಟ್ಯಾಕ್ ಆಗಿ ಹೋಗಿ ಇವತ್ತಿಗೆ ಹದಿನೆಂಟು ದಿನ. ಪ್ರಾಜೆಕ್ಟಿಗೋಸ್ಕರ ನಾನು ಅವರ ಅಸಿಸ್ಟೆಂಟ್ ಅಂತ ಬಂದಿದ್ದೆ. ಆದ್ರೆ ಅವರು ನನ್ನನ್ನ ನಂಬಲಿಲ್ಲ. ನಾನೂ ಅವರನ್ನ ನಂಬಲಿಲ್ಲ. ಸುಳ್ಳು ಯಾಕೆ ಹೇಳ್ಲಿ.

ಮೊದಲನೇ ದಿನ ಮೊಬೈಲಲ್ಲಿ ಸ್ಟಾಪ್‌ವಾಚ್ ಆನ್ ಮಾಡಿದೆ. ಅವರು ಬಂದು ಹೀಗೆ — ಮೂಗಿನ ತುದಿಗೆ ಕನ್ನಡಕ ಇಳಿಸಿ — ನೋಡಿದ್ರು.

"ಯಾರ ಕಡೆಯವಳಮ್ಮ ನೀನು?"

"ಕಾಲೇಜ್ ಕಡೆಯವಳು, ತಾತ."

"ಕಾಲೇಜಿನೋರು ಟೈಮ್ ಯಾಕಮ್ಮ ಹಿಡೀತಾರೆ? ಮಾಕಳಿದುರ್ಗ ಹತ್ತೋಕೆ ಬರೋರು ಬೆಟ್ಟ ನೋಡ್ದಂಗೆ ನೋಡ್ತಿದೀಯ ಮಗ್ಗಾನ. ಫೋಟೋ ತಕ್ಕೊ, ಹೊರಡು."

ನಾನು ಹೊರಡಲಿಲ್ಲ. ಅವರ ಹಿಂದೆನೇ ಸುತ್ತಿದೆ. ದಿನಾ ಬೆಳಗ್ಗೆ ಅವರು ಒಂದೊಂದು ಮಗ್ಗದ ಪಕ್ಕ ಎರಡೆರಡು ನಿಮಿಷ ಸುಮ್ಮನೆ ನಿಲ್ಲೋರು. ಕಣ್ಣು ಅರ್ಧ ಮುಚ್ಚಿ, ಕೈ ಹಿಂದೆ ಕಟ್ಟಿ. ಹದಿನಾರು ಮಗ್ಗ, ಮೂವತ್ತೆರಡು ನಿಮಿಷ. ನಿದ್ದೆ ಮಾಡ್ತಾರೆ ಅಂದ್ಕೊಂಡೆ. ಏನು ಮಾಡ್ತಿದೀರಾ ತಾತ ಅಂದ್ರೆ, "ಸುಮ್ನೆ ನಿಂತಿದೀನಿ, ಬರ್ಕೊ" ಅಂದ್ರು. ಬರ್ಕೊಂಡೆ. 'ಐಡಲ್, ಮೂವತ್ತೆರಡು ನಿಮಿಷ.'

ಆಮೇಲೆ ಇನ್ನೊಂದು ವೇಸ್ಟ್ ಸಿಕ್ತು. ನೂಲಿನ ಬುಟ್ಟಿಗಳು ಹಿಂದಿನ ಬಾಗಿಲಿಂದ ಆಚೆ ಹೋಗಿ, ಸುತ್ತು ಹಾಕಿ, ಮುಂದಿನ ಬಾಗಿಲಿಂದ ಒಳಗೆ ಬರೋವು. ದಿನಕ್ಕೆ ನಲವತ್ತು ನಿಮಿಷ! ನಾನು ಕುಣಿದ್ಬಿಟ್ಟೆ. ಬುಟ್ಟಿ ನೇರ ಬರಲಿ ಅಂತ ಚಾರ್ಟಲ್ಲಿ ಹಾಕಿದೆ. ನಂದಕುಮಾರ್ ಸರ್ ಖುಷಿಯಾಗಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ್ರು. ನೆನಪಿದೆಯಾ?

ನನ್ನ ಆರು ವಾರದ ಕೊನೇ ದಿನ ಮುನಿಗಂಗಮ್ಮ ನೂಲು ಸುತ್ತುತ್ತಾ ನಗ್ತಿದ್ರು. "ಏನಕ್ಕಾ?" ಅಂದೆ. "ಏನಿಲ್ಲ ಕಣವ್ವಾ. ನೀನು ಬರೋ ಹಿಂದಿನ ದಿನದವರೆಗೂ ಆ ಬುಟ್ಟಿ ನೆಟ್ಟಗೇ ಬರ್ತಿತ್ತು. ಸುತ್ತು ಹಾಕ್ಸಿದ್ದು ಮೇಸ್ತ್ರಿ."

ಓಡಿಹೋಗಿ ಅವರನ್ನ ಕೇಳಿದೆ. ನನ್ನ ಹತ್ರ ಯಾಕೆ ನಾಟಕ ಆಡಿದ್ರಿ? ಬೀಡಿ ಕಿವಿಗೆ ಸಿಕ್ಕಿಸ್ಕೊಂಡು ಹೇಳಿದ್ರು — "ಹಿಂದೆ ಬೇರೆ ಕಡೆ ಇದ್ದಾಗ ಒಬ್ಬ ಗಡಿಯಾರ ಹಿಡ್ಕೊಂಡು ಬಂದಿದ್ದ. ನಾನು ಮಾಡೋದೆಲ್ಲಾ ಬಾಯ್ಬಿಟ್ಟು ಹೇಳ್ಕೊಟ್ಟೆ. ಬರ್ಕೊಂಡ. ಬರ್ಕೊಂಡ ಮೇಲೆ ನಾನು ಬೇಕಾಗ್ಲಿಲ್ಲ. ಇಂಥೋರು ಬಂದ್ರೆ ಏನಾದ್ರೂ ಕಟ್ ಮಾಡ್ಲೇಬೇಕಲ್ಲಮ್ಮ. ಮನುಷ್ಯರನ್ನ ಕಟ್ ಮಾಡೋ ಬದ್ಲು ಬುಟ್ಟಿ ಸುತ್ತೋದನ್ನ ಮಾಡ್ಲಿ ಅಂತ ಮಡಗಿದ್ದೆ."

ಚಾರ್ಟ್ ಆಗಲೇ ಸಬ್‌ಮಿಟ್ ಆಗಿತ್ತು. ನನಗೆ ಮಾರ್ಕ್ಸ್ ಬೇಕಿತ್ತು. ಬಾಯಿ ಮುಚ್ಕೊಂಡೆ. ಇದು ನನ್ನ ತಪ್ಪು.

ನಾನು ಹೊರಡುವಾಗ ಅವರು ನನ್ನನ್ನ ಏಳನೇ ಮಗ್ಗದ ಹತ್ರ ನಿಲ್ಲಿಸಿದ್ರು. "ಕಣ್ಮುಚ್ಚು. ಏನು ಕೇಳ್ತು?" "ಶಬ್ದ, ತಾತ." "ಅಯ್ಯೋ! ಕುಂಟ್ತಾ ಇದೆ ಕಣಮ್ಮ." ಮಗ್ಗ ನಿಲ್ಲಿಸಿ, ಲಾಳಿಯನ್ನ ಆ ಕಡೆಯಿಂದ ಈ ಕಡೆಗೆ ಹೊಡೆಯೋ ಚರ್ಮದ ಪಟ್ಟಿ ಬಿಚ್ಚಿ ತೋರಿಸಿದ್ರು. ನೋಡೋಕೆ ಚೆನ್ನಾಗೇ ಇತ್ತು. ಬಗ್ಗಿಸಿದ್ರೆ ಒಳಗಡೆ ಸವೆದಿತ್ತು. ಹೊಸದು ಹಾಕಿದ್ರು. ಅವರು ನಿಲ್ಲೋದು ಅಂದ್ರೆ ಇದು. ನಾನು ಐಡಲ್ ಅಂತ ತೆಗೆದುಹಾಕಿದ್ದು ಇದನ್ನೇ. ಅದರ ಕೆಳಗೆ ಇನ್ನೊಂದು ಸಾಲೂ ಬರೆದಿದ್ದೆ — 'ಮಗ್ಗ ಕೆಟ್ಟಾಗ ಹೊರಗಿನಿಂದ ಮೆಕ್ಯಾನಿಕ್ ಕರೆಸಿದರೆ ಸಾಕು.'

ಈಗ ಈ ಹದಿನೆಂಟು ದಿನದ್ದು ಹೇಳ್ಬೇಕು. ಏಳು ಪಟ್ಟಿ ಕಿತ್ತುಹೋಗಿವೆ. ಮಗ್ಗ ನಡು ಸೀರೇಲಿ ನಿಂತಿವೆ. ಸರ್ ಚಾರ್ಟ್ ನೋಡಿದ್ರು. ಚಾರ್ಟ್ ಪ್ರಕಾರ ಮೇಸ್ತ್ರಿ ಹೋದ್ರೂ ಏನೂ ಬದಲಾಗಿಲ್ಲ, ಅಂದ್ರೆ ಯಾರೋ ಬೇಕಂತ್ಲೇ ಬ್ಲೇಡ್ ಹಾಕಿದ್ದಾರೆ ಅಂದ್ರು. ಕಿತ್ತುಹೋಗಿದ್ದು ಹೆಚ್ಚು ವಿಜಯ್ ಅಣ್ಣನ ಮಗ್ಗದಲ್ಲಿ. ಆ ಸಾಲಿನಲ್ಲಿ ಓಡಾಡೋರು ಮುನಿಗಂಗಮ್ಮ. ಇಬ್ಬರಿಗೂ ಸೋಮವಾರದಿಂದ ಬರಬೇಡಿ ಅಂತಾಗಿದೆ. ಇಲ್ಲಿ ಕೂತಿರೋರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲೇ ನೋಡ್ತಿದೀರ — ನನಗೆ ಇಲ್ಲಿಂದ ಕಾಣ್ತಿದೆ.

ಸರ್, ದಯವಿಟ್ಟು ಕೂತ್ಕೊಳಿ. ಎರಡೇ ಮಾತು.

ಇದು — ಈ ಕೈಲಿರೋದು — ಮೇಸ್ತ್ರಿ ಡಬ್ಬದಲ್ಲಿದ್ದ ಹಳೇ ಪಟ್ಟಿಗಳು. ಬನಶಂಕರಮ್ಮನವರು ಕೊಟ್ರು. ಮೂವತ್ತರ ಮೇಲಿವೆ. ಒಂದೂ ಕಿತ್ತುಹೋಗಿಲ್ಲ, ಎಲ್ಲಾ ಒಳಗಡೆ ಸವೆದಿವೆ. ಕಿತ್ತುಹೋಗೋ ಮುಂಚೆನೇ ತೆಗೆದಿದ್ದಾರೆ. ಇನ್ನೊಂದು ಕೈಲಿರೋದು ಈಗ ಕಿತ್ತುಹೋದ ಆ ಏಳು. ವಿಜಯ್ ಅಣ್ಣ ಎತ್ತಿಟ್ಟಿದ್ರು. ಮುಟ್ಟಿ ನೋಡಿ, ಸರ್. ಬ್ಲೇಡ್ ಹಾಕಿದ್ರೆ ಅಂಚು ನುಣ್ಣಗಿರುತ್ತೆ. ಇದು ನಾರು ನಾರಾಗಿ ಪಿಸಿದಿದೆ. ಅದೇ ಜಾಗದಲ್ಲಿ, ಅದೇ ಥರ ಸವೆದಿದೆ. ಯಾರೂ ಏನೂ ಮಾಡಿಲ್ಲ. ಸವೆದದ್ದನ್ನ ಮುಂಚೆನೇ ಬದಲು ಮಾಡೋರು ಹೋಗ್ಬಿಟ್ಟಿದ್ದಾರೆ, ಅಷ್ಟೇ.

ತೀರ್ಕೊಂಡವರ ಬಗ್ಗೆ ಒಳ್ಳೇದೇ ಮಾತಾಡ್ಬೇಕು ಅಂತಾರೆ. ಆದ್ರೆ ಒಂದು ಹೇಳ್ಬೇಕು, ಬನಶಂಕರಮ್ಮನವರು ಕ್ಷಮಿಸ್ಬೇಕು. ಅವರು ಈ ಕೆಲಸಾನ ಯಾರಿಗೂ ಹೇಳ್ಕೊಡ್ಲಿಲ್ಲ. ಹೇಳಿದ್ರೆ ತಾವು ಬೇಡವಾಗ್ತೀವಿ ಅನ್ನೋ ಅನುಮಾನ. ಆ ಅನುಮಾನದಲ್ಲಿ ಎಲ್ಲರನ್ನೂ ಕಾಪಾಡಿದ್ರು, ಅದೇ ಅನುಮಾನದಿಂದ ಈಗ ಇಬ್ಬರ ಕೆಲಸ ಹೋಗ್ತಿದೆ. ಅವರ ಮೇಲೆ ಕೋಪಾನೂ ಇದೆ ನನಗೆ. ಬದುಕಿದ್ರೆ ಜಗಳ ಆಡ್ತಿದ್ದೆ.

ಸರ್, ಗೋಡೆ ಮೇಲಿನ ಚಾರ್ಟ್ ಬೆಳಗ್ಗೆ ನಾನೇ ಬಿಚ್ಕೊಂಡೆ. ಕೇಳದೆ ತೆಗೆದಿದ್ದು ತಪ್ಪು. ಇಲ್ಲಿದೆ. ಇದು ಸುಳ್ಳು ಅಂತ ಕಾಲೇಜಿಗೂ ಬರೆದಿದೀನಿ. ತೊಂಬತ್ತೆರಡು ಏನಾಗುತ್ತೋ ಗೊತ್ತಿಲ್ಲ. ಆದ್ರೆ ನಿಮ್ಮನ್ನ ಕೇಳೋದು ಒಂದೇ. ಸೋಮವಾರ ಮುನಿಗಂಗಮ್ಮ, ವಿಜಯ್ ಅಣ್ಣ ಇಬ್ಬರೂ ಬೆಳಗ್ಗೆ ಬಾಗಿಲ ಹತ್ರ ಇರ್ತಾರೆ. ನಾನೂ ಇರ್ತೀನಿ. ಏನು ಹೇಳ್ತೀರೋ ನೀವು ಅಲ್ಲೇ ಹೇಳಿ.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳ್ಕೊಳ್ತೀನಿ. ಎರಡು ನಿಮಿಷ. ಅವರು ನಿಲ್ತಿದ್ದ ಹಾಗೆ — ಕೈ ಹಿಂದೆ, ಕಣ್ಣು ಅರ್ಧ ಮುಚ್ಚಿ. ನಮ್ಮ ಮಗ್ಗ ಇವತ್ತು ನಿಂತಿವೆ, ಪಕ್ಕದ ಶೆಡ್ಡಿನವು ಓಡ್ತಿವೆ. ಕಿವಿಗೊಡಿ. ಯಾವುದಾದ್ರೂ ಕುಂಟ್ತಿದ್ರೆ ಆಮೇಲೆ ಹೋಗಿ ಹೇಳಿ ಬರೋಣ.

ಟೈಮ್ ನಾನು ನೋಡಲ್ಲ. ಮೊಬೈಲ್ ಮುನಿಗಂಗಮ್ಮನ ಕೈಗೆ ಕೊಟ್ಟಿದೀನಿ. ಅವರು ಸಾಕು ಅಂದಾಗ ಕೂರೋಣ.