ಕಂಬಿಯ ಎತ್ತರ

ಸೇನಾ ನೆಲೆಯ ಗೇಟಿನಲ್ಲಿ ಪಾಸಿಗಾಗಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಮೇಸ್ತ್ರಿ, ಅವನ ಮುಂದೆ ಸೈನಿಕನೊಬ್ಬನ ಹೆಂಡತಿ.

“ಆಸ್ಪತ್ರೆ ವ್ಯಾಯಾಮಶಾಲೆ ಮುಗೀತಾ ಅಣ್ಣ?” ಆಕೆ ತಿರುಗಿ ಕೇಳಿದಳು.

“ಹಳೇ ಗೋದಾಮೇ ಅಲ್ವೇನಮ್ಮಾ, ಗೋಡೆ ಖರ್ಚು ಉಳೀತು. ಹಳೇ ನೀರಿನ ಪೈಪಲ್ಲೇ, ಹಿಡ್ಕೊಂಡು ನಡೆಯೋಕೆ ಕಂಬಿ ಮಾಡಿದೀನಿ. ನಿಮ್ಮ ಯಜಮಾನ್ರು ಎಷ್ಟೆತ್ತರ?”

“ನನ್ನ ನೆತ್ತಿ ಅವರ ಭುಜಕ್ಕೆ ಬರ್ತಿತ್ತು.”

“ಬರ್ತಿತ್ತಾ?”

“ಕಾಲು ಹೋದ್ಮೇಲೆ ಎದ್ದೇ ನಿಂತಿಲ್ಲ. ಹೊಸ ಕಾಲು ಮಂಚದ ಕೆಳಗೇ ಇದೆ.”

“ಹಾಗಾದ್ರೆ ಕಂಬಿಗೆ ಈಗ್ಲೇ ಕಾಂಕ್ರೀಟ್ ಹಾಕಲ್ಲ. ಅವ್ರೇ ಬಂದು ಹಿಡಿದು ಎತ್ತರ ಹೇಳ್ಲಿ.”

“ಇಂಜಿನಿಯರ್ ಬೈಯಲ್ವಾ?”

“ಬೈಲಿ ಬಿಡಿ. ಮೇಸ್ತ್ರಿ ಕೆಲಸ ನಿಲ್ಸಿ ನಿಮಗೋಸ್ಕರ ಕಾಯ್ತಿದಾನೆ ಅಂತ ಅವ್ರಿಗೆ ಹೇಳಿ. ಸೈನಿಕರು ಇನ್ನೊಬ್ರನ್ನ ಕಾಯ್ಸಲ್ಲ.”

ಪಾಸ್ ಸಿಕ್ಕಿದ್ದೇ ತಡ, ಆಕೆ ಆಸ್ಪತ್ರೆಯ ಕಡೆಗೆ ಓಡುತ್ತಲೇ ಹೋದಳು.

ಮೇಸ್ತ್ರಿ ಹಿಂದಿನಿಂದ ಕೂಗಿದ: “ಅವಸರ ಇಲ್ಲಮ್ಮಾ! ಪೈಪೇನು ಓಡಿಹೋಗಲ್ಲ!”