ಪಾತ್ರೆ ಸಾಹುಕಾರ ಬರೆಯದೆ ಬಿಟ್ಟ ಹೆಸರು

ಹಿಂದೆ ಕೂತವರು ಏಳಬೇಡಿ. ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ. ಇವತ್ತಿನ ಪ್ರವಚನದಲ್ಲಿ ನಂಬಿಕೆಯ ಮಾತು ನಡೆದಿತ್ತು, ಅದಕ್ಕೊಂದು ದೃಷ್ಟಾಂತ ಹೇಳಿ ಮುಗಿಸುತ್ತೇನೆ. ನಗಿಸುವ ಕಥೆ ಬೇಕಾದವರು ನಿನ್ನೆ ಬರಬೇಕಾಗಿತ್ತು. ಇವತ್ತಿನದು ಅಂಥದ್ದಲ್ಲ.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ಅಂಗಡಿಯ ಸಾಹುಕಾರನಿದ್ದ. ನೀವು ಮದುವೆಯಲ್ಲಿ ಉಡುಗೊರೆ ಕೊಡಲು ಕೊಡ, ತಂಬಿಗೆ ಕೊಂಡು ಅದರ ಮೇಲೆ ಹೆಸರು ಹಾಕಿಸುತ್ತೀರಲ್ಲ, ಆ ಹೆಸರನ್ನು ಅವನು ತಾನೇ ಕೊರೆಯುತ್ತಿದ್ದ. ಕೊರೆಯುವ ಮಷಿನ್ನನ್ನು ಆಳಿನ ಕೈಗೆ ಕೊಟ್ಟವನಲ್ಲ. ಅಕ್ಷರ ಮುತ್ತಿನಂಥವು. ಅವನ ಮನೆಯ ತಾಟು, ವಾಟಗ, ಚಮಚದ ಮೇಲೆ ಕೂಡ ಅವನದೇ ಹೆಸರು. ಹೆಂಡತಿಯ ಹೆಸರು? ನೋಡಿ, ಒಂದು ಸೌಟಿನ ಮೇಲೂ ಇರಲಿಲ್ಲ. ಹಾಗಂತ ಅವನು ಕೆಟ್ಟವನೆಂದು ತಿಳಿಯಬೇಡಿ. ಕುಡಿಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ, ಮಠಕ್ಕೆ ಪ್ರತಿ ಸೋಮವಾರ ಬರುತ್ತಿದ್ದ. ನಿಮ್ಮಂಥವನೇ, ನನ್ನಂಥವನೇ.

ಅವನಿಗೊಬ್ಬಳೇ ಮಗಳು. ಈ ಕಥೆಯಲ್ಲಿ ಅವಳೊಬ್ಬಳ ಹೆಸರು ಹೇಳುತ್ತೇನೆ, ದಾಕ್ಷಾಯಣಿ. ಮನೆಯಲ್ಲಿ ದಾಕ್ಷಿ. ಮನೆಗೆಲ್ಲ ಒಂದೇ ಕಂಪ್ಯೂಟರು, ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ದಾಕ್ಷಿ ತಾನು ತೆಗೆದ ಫೋಟೋ, ವಿಡಿಯೋ ಎಲ್ಲವನ್ನೂ ಅದರಿಂದ ಇಂಟರ್‌ನೆಟ್ಟಿನ ತನ್ನ ಖಾತೆಗೆ ಹಾಕಿಟ್ಟು, ಜಾಗ ಸಾಲದೆಂದು ಫೋನಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿಬಿಡುತ್ತಿದ್ದಳು. ಅದರಲ್ಲೊಂದು ವಿಡಿಯೋ. ತಾಯಿ ಶೇಂಗಾ ಹೋಳಿಗೆ ಮಾಡುತ್ತಿದ್ದಾಳೆ, ಮಗಳು ಎದುರಿಗೆ ನಿಂತು ತೆಗೆಯುತ್ತಿದ್ದಾಳೆ. ಮಗಳು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. "ಅವ್ವಾ, ನನ್ನ ನೋಡಬ್ಯಾಡ, ಹೋಳಿಗಿ ನೋಡು. ಹೊತ್ತಾಕತ್ತೇತಿ ನೋಡಬೇ." ಆಮೇಲೆ ನಗು. ಇಷ್ಟೇ.

ಹತ್ತೊಂಬತ್ತನೇ ವಯಸ್ಸಿಗೆ ಆ ಹುಡುಗಿಗೆ ಡೆಂಗೀ ಬಂತು. ಐದು ದಿನ. ಆರನೆಯ ದಿನ ಮಣ್ಣು ಕೊಟ್ಟು ಬಂದರು.

ಉಳಿದದ್ದೇನು? ಆ ದನಿ. ಅವಳ ಖಾತೆಯ ಪಾಸ್‌ವರ್ಡು, ಮನೆಯ ಉಳಿದೆಲ್ಲ ಪಾಸ್‌ವರ್ಡುಗಳ ಜೊತೆ, ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಒಂದು ಸಲ ಮನೆಗೆ ಬಂದ ನೆಂಟರು ಅದನ್ನು ನೋಡಿ ಖಾತೆ ತೆರೆದು, ಏನೋ ಒತ್ತಿ, ಇಪ್ಪತ್ತು ಫೋಟೋ ಅಳಿಸಿಬಿಟ್ಟರು. ಸಾಹುಕಾರ ಹೆದರಿದ. ಹೆದರಬೇಕಾದ್ದೇ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ತಮ್ಮನ ಮಗಳನ್ನು ಕರೆಸಿದ. ಅವಳು ಬಂದು ಪಾಸ್‌ವರ್ಡ್ ಮ್ಯಾನೇಜರ್ ಎಂಬುದನ್ನು ಹಾಕಿಕೊಟ್ಟಳು. ಗೊತ್ತಿಲ್ಲದವರು ಕೇಳಿ. ಮನೆಯ ಎಲ್ಲ ಬೀಗದ ಕೈಗಳನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಒಂದೇ ಗಟ್ಟಿ ಬೀಗ ಹಾಕಿದ ಹಾಗೆ ಅದು.

"ದೊಡ್ಡಪ್ಪಾ, ದಾಕ್ಷಿದು ಹೊಸಾ ಪಾಸ್‌ವರ್ಡ ಮಾಡಿ ಇದರಾಗ ಇಟ್ಟೀನಿ. ಇದಕ್ಕೊಂದು ದೊಡ್ಡ ಪಾಸ್‌ವರ್ಡ ಬೇಕು, ಅದನ್ನ ನೀವ ಹಾಕ್ರಿ. ಅದು ಹೋತಂದ್ರ ಕಂಪನಿಯವ್ರಿಗೂ ತಗ್ಯಾಕ ಬರೂದಿಲ್ಲ" ಎಂದಳು. "ಇದರಾಗ ಮನಿಮಂದಿಗೆಲ್ಲಾ ಒಂದೊಂದು ಜಾಗಾ ಮಾಡಾಕ ಬರ್ತೇತಿ. ದೊಡ್ಡವ್ವಗೂ ಒಂದು ಮಾಡ್ಲೇನು?"

"ಆಕಿಗ್ಯಾಕ? ಏನರ ಒತ್ತಿ ಅಳಿಸಿ ಕುಂದರ್ತಾಳ. ಆಮ್ಯಾಲೆ ನೋಡೋಣು."

"ಹಂಗಾರ ಈ ಕಾಗದಾ ತುಂಬಿ ಇಡ್ರಿ. ನಾಳೆ ನಿಮಗೇನರ ಆದ್ರ ಬೇಕಾಗ್ತೇತಿ." ಒಂದು ಹಾಳೆ ಅಚ್ಚು ಹಾಕಿ ಕೊಟ್ಟಳು. ಅದರಲ್ಲಿ ಮೂರು ಗೆರೆ. ಯಜಮಾನರ ಹೆಸರು. ದೊಡ್ಡ ಪಾಸ್‌ವರ್ಡು. ನೀವು ನಂಬುವವರ ಹೆಸರು.

"ಇಡು ಅಲ್ಲೆ. ಆಮ್ಯಾಲೆ ತುಂಬ್ತೀನಿ."

ಪೆಟ್ಟಿಗೆಯಲ್ಲಿ ತಪ್ಪಿತ್ತೇ? ಇಲ್ಲ. ಕ್ಯಾಲೆಂಡರಿನ ಬೆನ್ನಿಗಿಂತ ಅದು ನೂರು ಪಾಲು ಮೇಲು. ಬೀಗ ಹಾಕುವುದು ಕಳ್ಳನಿಗೆ. ನಮ್ಮ ಸಾಹುಕಾರ ಹೆಂಡತಿಯನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸಿದ. ಅಲ್ಲಿ ತಪ್ಪಿತು.

ಅಂದಿನಿಂದ ಆ ತಾಯಿ ಮಗಳ ದನಿ ಕೇಳಬೇಕಾದರೆ ಗಂಡನನ್ನು ಬೇಡಬೇಕಾಯಿತು. ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. "ಹೋಳಿಗಿದು ಒಂಚೂರು ಹಚ್ಚತೀರೇನ್ರೀ?" ಅವನ ಮನಸ್ಸು ಸರಿಯಿದ್ದರೆ, "ಆಕಡೆ ಮಾರಿ ಮಾಡು" ಎನ್ನುತ್ತಿದ್ದ. ಆಕೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಅವನು ಪಾಸ್‌ವರ್ಡ್ ಒತ್ತಿದ ಮೇಲೆ ತಿರುಗಬೇಕು. ಮದುವೆಯಾಗಿ ಮೂವತ್ತೊಂದು ವರ್ಷ. ಹೆತ್ತ ಮಗಳ ದನಿ ಕೇಳಲು, ತನ್ನದೇ ಪಡಸಾಲೆಯಲ್ಲಿ, ಗೋಡೆ ನೋಡುತ್ತ ನಿಲ್ಲಬೇಕು. ಇನ್ನು ಅವನ ಮನಸ್ಸು ಸರಿಯಿಲ್ಲದ ದಿನ? "ಆಮ್ಯಾಲೆ." ಅಷ್ಟೇ ಉತ್ತರ. ಆಕೆ ಒಳಗೆ ಹೋಗುತ್ತಿದ್ದಳು.

ಒಂದು ದಿನ ಅಂಗಡಿಯಲ್ಲಿ ಕೊಡದ ಮೇಲೆ ಹೆಸರು ಕೊರೆಯುತ್ತಿದ್ದಾಗಲೇ ಲಕ್ವಾ ಹೊಡೆಯಿತು. ಯಾರದೋ ಹೆಸರು ಅರ್ಧಕ್ಕೆ ನಿಂತಿತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ತಮ್ಮನ ಮಗಳು ಕೀಬೋರ್ಡನ್ನೇ ಹಾಸಿಗೆಗೆ ತಂದು ಎಡಗೈಗೆ ಹಿಡಿಸಿದಳು. ಅವನು ಒತ್ತಿದ, ಮತ್ತೆ ಒತ್ತಿದ, ಒಂದಕ್ಕೊಂದು ಸಂಬಂಧವಿಲ್ಲದ ಅಕ್ಷರಗಳು ಬಂದವು. ಡಾಕ್ಟರು ಹೇಳಿದರು, "ಬರೀ ಮಾತಲ್ರೀ, ಒಳಗ ಅಕ್ಷರಾನೂ ಹೋಗ್ಯಾವ." ಪೆಟ್ಟಿಗೆಯ ಕಂಪನಿಗೆ ಬರೆದರು. ನಮಗೂ ಗೊತ್ತಿಲ್ಲ ಎಂದರು. ವಿಡಿಯೋ ಇದ್ದ ಖಾತೆಯವರಿಗೆ ಬರೆದರು. ಮಗಳ ಫೋನ್ ನಂಬರಿಗೆ ಬರುವ ಅಂಕಿ ಹೇಳಿ ಎಂದರು. ಆ ನಂಬರು ಬಂದ್ ಆಗಿ ಯಾವ ಕಾಲವಾಯಿತೋ.

ಇಂಥ ರೋಗದಲ್ಲಿ ಕೆಲವರಿಗೆ ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿಯುತ್ತದಂತೆ. ಬಾಯಿ ತೆರೆದರೆ ಅದೇ ಬರುತ್ತದಂತೆ. ಈ ಮನುಷ್ಯನಿಗೆ ಯಾವ ಶಬ್ದ ಉಳಿಯಿತು ಹೇಳಿ ನೋಡೋಣ.

ಹೆಂಡತಿ ಹಾಸಿಗೆಯ ಬದಿಗೆ ಕೂತು ಕೇಳಿದಳು. "ರೀ, ದಾಕ್ಷಿದು ಹೆಂಗ ತಗೀಬೇಕ್ರೀ? ಕಣ್ಣೀಲೆ ಆದ್ರೂ ಹೇಳ್ರೀ." ಅವನ ಕಣ್ಣಿಂದ ದಳದಳ ನೀರು. ಹೇಳಬೇಕು, ಇದೊಂದು ಸಲ ಹೇಳಿಯೇ ಬಿಡಬೇಕು ಎಂದು ಕುತ್ತಿಗೆಯ ನರ ಉಬ್ಬಿಸಿ ಬಾಯಿ ತೆರೆದ.

"ಆಮ್ಯಾಲೆ" ಎಂದ.

ಮತ್ತೆ ಕೇಳಿದಳು. "ಆಮ್ಯಾಲೆ. ಆಮ್ಯಾಲೆ."

ತಿಂಗಳ ಮೇಲೆ ದೇವರ ಜಗಲಿ ಒರೆಸುವಾಗ ಫೋಟೋದ ಹಿಂದೆ ಆ ಹಾಳೆ ಸಿಕ್ಕಿತು. ಬಿಚ್ಚಲು ಧೈರ್ಯವಾಗದೆ ತಾಯಿ ತಮ್ಮನ ಮಗಳನ್ನು ಓಡಿಬರಲು ಹೇಳಿದಳು. ಹುಡುಗಿ ಹಾಳೆಯ ಮಡಿಕೆ ಬಿಚ್ಚಿದಳು. ಮೊದಲನೆಯ ಗೆರೆಯಲ್ಲಿ ಅವನ ಹೆಸರು, ಕೊಡದ ಮೇಲೆ ಕೊರೆದಷ್ಟೇ ಅಂದವಾಗಿ. ಎರಡನೆಯ ಗೆರೆ ಖಾಲಿ. ಮೂರನೆಯದೂ ಖಾಲಿ.

"ಹೊಳ್ಳಿಸಿ ನೋಡವಾ, ಹಿಂದ ಏನರ ಬರದಾರೇನು" ಎಂದಳು ತಾಯಿ.

"ಇಲ್ಲ ದೊಡ್ಡವ್ವಾ."

"ಅವರ ಪಾಸ್‌ವರ್ಡ ಹಾಳಾಗಿ ಹೋಗ್ಲಿ. ನಂಬೋರ ಹೆಸರು ಅನ್ನೂ ಕಡೆ ನನ್ನ ಹೆಸರರ ಬರದಾರೇನು?"

ಹುಡುಗಿ ಹಾಳೆಯನ್ನು ಮತ್ತೆ ಮಡಿಚಿದಳು. ಊರಿನ ಅರ್ಧ ಮನೆಗಳ ಪಾತ್ರೆಯ ಮೇಲೆ ಹೆಸರು ಬರೆದವನು, ನೋಡಿ, ಆ ಒಂದು ಗೆರೆಯ ಮೇಲೆ ಒಂದು ಹೆಸರು ಬರೆಯಲಾರದೆ ಹೋದ. ಹದಿನಾಲ್ಕು ತಿಂಗಳು ಮಲಗಿದ್ದು ಸತ್ತ. ಅಷ್ಟು ದಿನವೂ ಆಕೆಯೇ ಉಣಿಸಿದಳು, ಅವನ ಹೆಸರಿದ್ದ ಚಮಚದಿಂದ.

ಒಂದು ಪೇಟೆ, ಒಬ್ಬ ಸಾಹುಕಾರ ಎಂದು ಶುರು ಮಾಡಿದೆನಲ್ಲ, ಇದು ಕಟ್ಟಿದ ಕಥೆಯಲ್ಲ. ಮಠದ ಸ್ವಾಮಿಯೆಂದು ಆ ಮನೆಗೆ ನಾನು ಸಮಾಧಾನ ಹೇಳಲು ಹೋಗಿದ್ದೆ. ಆ ತಾಯಿ ನನ್ನ ಮುಂದೆ ಅಳಲಿಲ್ಲ. "ಅಜ್ಜಾರ, ಆಕಿ ಮಾರಿ ನೆನಪೈತ್ರಿ, ಫೋಟೋ ಅದಾವು. ದನಿ ಮರೀಲಿಕತ್ತೀನ್ರಿ. ಹೆಂಗ ನಗತಿದ್ಲು ಅನ್ನೂದು ಬರವಲ್ದ್ರಿ" ಎಂದಳು. ದಿನಕ್ಕೆ ಎರಡು ತಾಸು ಮಾತಾಡುವವನು ನಾನು. ಕೈ ಮುಗಿದು ಎದ್ದು ಬಂದೆ. ಹೋದದ್ದು ಹೋಯಿತು. ಯಾವ ಪೂಜೆಯೂ ಅದನ್ನು ತಂದುಕೊಡುವುದಿಲ್ಲ.

ಇನ್ನೊಂದು ಹೇಳುತ್ತೇನೆ, ನನ್ನ ಮಾನ ಹೋದರೆ ಹೋಗಲಿ. ಆ ಮನೆಯಿಂದ ಬಂದು ಒಂಬತ್ತು ದಿನವಾಗಿರಲಿಲ್ಲ. ನಮ್ಮ ಮಠದ ಶಾಲೆಯ ಹೆಡ್‌ಮಾಸ್ತರರು ಕೇಳಿದರು, "ಅಜ್ಜಾರ, ಮಠದ ಕಂಪ್ಯೂಟರಿನ ಪಾಸ್‌ವರ್ಡ ನಿಮ್ಮನ್ನ ಬಿಟ್ರ ಯಾರಿಗೆ ಗೊತ್ತೈತ್ರಿ?" ನಾನೇನಂದೆ ಗೊತ್ತೇ? ಆಮ್ಯಾಲೆ ನೋಡೋಣು ಮಾಸ್ತರ, ಅಂದೆ. ಈ ಬಾಯಿಂದಲೇ ಅಂದೆ. ಇವತ್ತು ಬೆಳಗ್ಗೆ ಕೂತು ಅಂಥದೇ ಒಂದು ಹಾಳೆ ತುಂಬಿದೆ. ಪಾಸ್‌ವರ್ಡ್ ಬರೆಯುವುದು ಕಷ್ಟವಾಗಲಿಲ್ಲ. ನಂಬುವವರ ಹೆಸರು ಎಂಬಲ್ಲಿ ಕೈ ನಿಂತುಬಿಟ್ಟಿತು. ಸಂಸಾರ ಬಿಟ್ಟವನ ಕೈ ಅರ್ಧ ತಾಸು ನಿಂತಿತು.

ಆದ್ದರಿಂದ ನಿಮ್ಮ ಮೇಲೆ ನನಗೆ ಬಹಳ ಭರವಸೆಯಿಲ್ಲ. ಈ ಕಥೆಯನ್ನು ನಾಲ್ಕು ಊರಲ್ಲಿ ಹೇಳಿದ್ದೇನೆ. ಛಲೋ ಹೇಳಿದಿರಿ ಅಜ್ಜಾರ ಎಂದವರು ಬಹಳ ಮಂದಿ. ಮನೆಗೆ ಹೋಗಿ ಬರೆದಿಟ್ಟೆ ಎಂದವರು ಇನ್ನೂ ಒಬ್ಬರೂ ಸಿಕ್ಕಿಲ್ಲ. ಆದರೂ ಹೇಳುತ್ತೇನೆ, ಹೇಳುವುದೊಂದೇ ನನ್ನ ಕೈಯಲ್ಲಿರುವುದು. ಕಂಪ್ಯೂಟರಿನ ಮುಂದೆ ಇನ್ನೊಂದು ಕುರ್ಚಿ ಹಾಕಿ. ಮನೆಯಾಕೆಯನ್ನು ಕೂರಿಸಿ, ಪೆಟ್ಟಿಗೆಯಲ್ಲಿ ಆಕೆಗೂ ಒಂದು ಜಾಗ ಮಾಡಿ, ನಿಮ್ಮ ಕೈಯಿಂದಲ್ಲ, ಆಕೆಯ ಕೈಯಿಂದಲೇ ತೆರೆಸಿ. ದೊಡ್ಡ ಪಾಸ್‌ವರ್ಡನ್ನು ಹಾಳೆಯ ಮೇಲೆ ಬರೆದು ತಿಜೋರಿಯಲ್ಲಿಡಿ, ಎಲ್ಲಿಟ್ಟಿದ್ದೀರೆಂದು ಮನೆಮಂದಿಗೆ ಹೇಳಿ. ಮೂರನೆಯ ಗೆರೆಯನ್ನು ಖಾಲಿ ಬಿಡಬೇಡಿ. ಮನೆಯವರನ್ನು ಗೋಡೆಯ ಕಡೆ ನಿಲ್ಲಿಸಿದ್ದು ಸಾಕು, ಈಕಡೆ ತಿರುಗಿಸಿಕೊಳ್ಳಿ.

ಏಳಿ ಈಗ. ಮೊದಲು ಮನೆಗೆ ಹೋಗಿ ಅದನ್ನು ಮಾಡಿ ಬನ್ನಿ. ಪ್ರಸಾದ ಆಮ್ಯಾಲೆ ಆದರೂ ನಡೆದೀತು.